ಸೂಪರ್‌ಮ್ಯಾನ್‌ನ ಬಲ ಎಲ್ಲಿಂದ ಬರುತ್ತದೆ? ಅದು ಯಾವ ಇಸವಿಯ ಸೂಪರ್‌ಮ್ಯಾನ್ ಎಂಬುದರ ಮೇಲಿದೆ ಉತ್ತರ

2025ರ ಜುಲೈ 11ರಂದು ತೆರೆಕಂಡ ಜೇಮ್ಸ್ ಗನ್ ನಿರ್ದೇಶನದ ‘ಸೂಪರ್‌ಮ್ಯಾನ್’ ಚಿತ್ರ ನಾಯಕನ ಸೋಲಿನಿಂದ ಆರಂಭವಾಗುತ್ತದೆ. ಪೆಟ್ಟು ತಿಂದು ಅಂಟಾರ್ಕ್ಟಿಕಾದ ಹಿಮದ ಮೇಲೆ ಬಿದ್ದವನನ್ನು ಅವನ ನಾಯಿ ಕ್ರಿಪ್ಟೊ ಎಳೆದುಕೊಂಡು ಹೋಗಿ ಕೋಟೆ ಸೇರಿಸುತ್ತದೆ. ಅಲ್ಲಿನ ರೋಬಾಟ್‌ಗಳು ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ ಅವನ ಮೈಮೇಲೆ ಹಾಯಿಸಿದಾಗ ಮುರಿದ ಮೂಳೆಗಳು ಕೂಡಿಕೊಳ್ಳುತ್ತವೆ. ಮುಂದೆ, ಸೂರ್ಯನೇ ಕಾಣದ ಸೆರೆಮನೆಯೊಂದರಲ್ಲಿ ಅವನು ಜೀವಚ್ಛವವಾಗಿ ಬಿದ್ದಿರುವಾಗ, ಮೆಟಾಮಾರ್ಫೊ ಎಂಬ ಇನ್ನೊಬ್ಬ ಕೈದಿ ಪುಟ್ಟದೊಂದು ಸೂರ್ಯನನ್ನು ಸೃಷ್ಟಿಸಿ ಅವನಿಗೆ ಚೈತನ್ಯ ತುಂಬುತ್ತಾನೆ. ಈ ಎರಡು ದೃಶ್ಯಗಳಿಂದ ಹಳೆಯ ವಾದವೊಂದು ಮತ್ತೆ ಎದ್ದಿದೆ. ಇವನ ಬಲಕ್ಕೆ ಕಾರಣ ಸೂರ್ಯನೋ, ಅವನು ಹುಟ್ಟಿದ ಗ್ರಹದ ಗುರುತ್ವವೋ, ಅಥವಾ ಇವೆರಡೂ ಅಲ್ಲದ ಬೇರೆ ಏನೋ?

ಇದೇ ಹೊತ್ತಿಗೆ, ಪ್ರತಿ ಜನವರಿ 1ರಂದು ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಪಟ್ಟಿ ಹೊರಬಂದಾಗಲೆಲ್ಲ ಇನ್ನೊಂದು ಸುದ್ದಿಯೂ ಸುತ್ತುತ್ತದೆ. 2034ರಲ್ಲಿ ಸೂಪರ್‌ಮ್ಯಾನ್ ಸಾರ್ವಜನಿಕ ಸ್ವತ್ತಾಗುತ್ತಾನೆ, ಆಮೇಲೆ ಯಾರು ಬೇಕಾದರೂ ಅವನ ಕಥೆ ಬರೆಯಬಹುದು ಎಂಬುದು ಆ ಸುದ್ದಿ. ಮೇಲ್ನೋಟಕ್ಕೆ ಒಂದು ಅಭಿಮಾನಿಗಳ ಹರಟೆ, ಇನ್ನೊಂದು ವಕೀಲರ ವ್ಯವಹಾರ. ಆದರೆ ಎರಡೂ ಕಡೆ ಉತ್ತರ ನಿಂತಿರುವುದು ಒಂದೇ ಸಂಗತಿಯ ಮೇಲೆ. ಸೂಪರ್‌ಮ್ಯಾನ್‌ನ ಶಕ್ತಿಗಳು ಒಂದೇ ದಿನ ಹುಟ್ಟಿದವಲ್ಲ, ಅವುಗಳ ವಿವರಣೆಯಂತೂ ಪ್ರತಿ ಸಲವೂ ಶಕ್ತಿ ಬಂದ ಮೇಲೆ ಬಂದದ್ದು.

ಮೊದಲ ವಿವರಣೆ: ಇರುವೆ ಮತ್ತು ಮಿಡತೆ

ಕ್ಲೀವ್‌ಲೆಂಡ್‌ನ ಇಬ್ಬರು ಯುವಕರು, ಬರಹಗಾರ ಜೆರ್ರಿ ಸೀಗಲ್ ಮತ್ತು ಚಿತ್ರಕಾರ ಜೋ ಶುಸ್ಟರ್, ಸೃಷ್ಟಿಸಿದ ಈ ಪಾತ್ರ 1938ರ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ಪ್ರಕಾಶಕರು ಅವರಿಗೆ ಕೊಟ್ಟದ್ದು 130 ಡಾಲರ್. ಆ ಸಂಚಿಕೆಯ ಸೂಪರ್‌ಮ್ಯಾನ್ ಹಾರುವುದಿಲ್ಲ, ನೆಗೆಯುತ್ತಾನೆ. ಒಂದು ನೆಗೆತಕ್ಕೆ ಮೈಲಿಯ ಎಂಟನೆಯ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಇಪ್ಪತ್ತು ಮಹಡಿಯ ಕಟ್ಟಡವನ್ನು ದಾಟಬಲ್ಲ, ಎಕ್ಸ್‌ಪ್ರೆಸ್ ರೈಲಿಗಿಂತ ವೇಗವಾಗಿ ಓಡಬಲ್ಲ. ಅವನ ಚರ್ಮವನ್ನು ತೂರಲು ಸಿಡಿಯುವ ಫಿರಂಗಿ ಗುಂಡೇ ಬೇಕು, ಅಂದರೆ ಅದು ತೂರಬಹುದು ಎಂದೂ ಅರ್ಥ. ಕಣ್ಣಿನಿಂದ ಬೆಂಕಿ ಇಲ್ಲ, ಗೋಡೆಯಾಚೆ ನೋಡುವ ದೃಷ್ಟಿ ಇಲ್ಲ, ಅವನು ಹುಟ್ಟಿದ ಗ್ರಹಕ್ಕೆ ಹೆಸರೂ ಇಲ್ಲ.

ಅದೇ ಸಂಚಿಕೆಯ ಮೊದಲ ಪುಟದಲ್ಲೇ ಈ ಬಲಕ್ಕೊಂದು ‘ವೈಜ್ಞಾನಿಕ’ ಸಮರ್ಥನೆಯನ್ನೂ ಕೊಡಲಾಗಿತ್ತು. ಇರುವೆ ತನ್ನ ತೂಕದ ನೂರಾರು ಪಟ್ಟು ಭಾರ ಹೊರುತ್ತದೆ; ಮಿಡತೆಯ ಒಂದು ನೆಗೆತ ಮನುಷ್ಯನ ಅಳತೆಯಲ್ಲಿ ಹಲವು ಬೀದಿಗಳಷ್ಟು ದೂರ; ಹೀಗಿರುವಾಗ ಲಕ್ಷಾಂತರ ವರ್ಷ ಮುಂದೆ ವಿಕಾಸಗೊಂಡ ಜನಾಂಗದವನೊಬ್ಬನಿಗೆ ಇದೇನು ಅಸಾಧ್ಯ ಎಂಬುದು ವಾದ. ಓದಲು ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಯಾವುದೇ ಪ್ರಾಣಿಯ ಬಲ ಅದರ ಸ್ನಾಯುವಿನ ಅಡ್ಡಗಲದ ವಿಸ್ತೀರ್ಣಕ್ಕೆ ತಕ್ಕಂತೆ ಬೆಳೆಯುತ್ತದೆ, ತೂಕ ಮಾತ್ರ ಗಾತ್ರಕ್ಕೆ ತಕ್ಕಂತೆ ಬೆಳೆಯುತ್ತದೆ. ಇರುವೆಯ ಉದ್ದವನ್ನು ಹತ್ತು ಪಟ್ಟು ಹಿಗ್ಗಿಸಿದರೆ ಬಲ ನೂರು ಪಟ್ಟಾದರೆ ತೂಕ ಸಾವಿರ ಪಟ್ಟಾಗುತ್ತದೆ. ಮನುಷ್ಯನಷ್ಟು ದೊಡ್ಡ ಇರುವೆ ಏನನ್ನೂ ಹೊರಲಾರದು, ತನ್ನ ಕಾಲ ಮೇಲೆ ತಾನೇ ಕುಸಿಯುತ್ತದೆ.

ಈ ವಿವರಣೆಯಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಬಲ ಅವನ ಜನಾಂಗದ್ದು, ಭೂಮಿಯ ಕೊಡುಗೆಯಲ್ಲ. 1939ರಲ್ಲಿ ಪತ್ರಿಕೆಗಳಲ್ಲಿ ಬಂದ ಚಿತ್ರಪಟ್ಟಿಯಲ್ಲಿ ಅವನ ತಂದೆ ಸ್ವಂತ ಗ್ರಹದಲ್ಲೇ ನೆಗೆಯುತ್ತ ಓಡಾಡುತ್ತಾನೆ. ಇಂದು ನಮಗೆ ಪರಿಚಿತವಾದ ‘ಅಲ್ಲಿ ಸಾಮಾನ್ಯ, ಇಲ್ಲಿ ಅಸಾಮಾನ್ಯ’ ಎಂಬ ತರ್ಕ ಆಗ ಇರಲೇ ಇಲ್ಲ.

ಗುರುತ್ವದ ವಾದ ಎಲ್ಲಿಯವರೆಗೆ ನಿಲ್ಲುತ್ತದೆ

ಮರುವರ್ಷ, ಅಂದರೆ 1939ರಲ್ಲಿ, ಸೂಪರ್‌ಮ್ಯಾನ್ ಹೆಸರಿನದೇ ಪತ್ರಿಕೆ ಶುರುವಾದಾಗ ವಿವರಣೆಗೆ ಗುರುತ್ವವೂ ಸೇರಿತು. ಭೂಮಿ ಚಿಕ್ಕದು, ಅದರ ಸೆಳೆತ ಕಡಿಮೆ, ಆದ್ದರಿಂದ ಭಾರಿ ಗ್ರಹದ ಸ್ನಾಯುಗಳಿಗೆ ಇಲ್ಲಿ ಎಲ್ಲವೂ ಹಗುರ. ಚಂದ್ರನ ಮೇಲೆ ಮನುಷ್ಯನ ನೆಗೆತ ಹೆಚ್ಚಾಗುವ ಸಂಗತಿ ಎಲ್ಲರಿಗೂ ಗೊತ್ತಿರುವುದರಿಂದ ಇದು ಸುಲಭವಾಗಿ ಒಪ್ಪಿತವಾಯಿತು. ಈಗಲೂ ‘ನಿಜವಾದ ವಿಜ್ಞಾನ ಇದೊಂದರಲ್ಲೇ ಇದೆ’ ಎನ್ನುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಲೆಕ್ಕ ಹಾಕಿ ನೋಡೋಣ. ಸುಮಾರು 100 ಕಿಲೋ ತೂಕದವನೊಬ್ಬ 200 ಮೀಟರ್ ನೇರ ಮೇಲಕ್ಕೆ ನೆಗೆಯಬೇಕಾದರೆ ನೆಲ ಬಿಡುವಾಗ ಅವನ ವೇಗ ಸೆಕೆಂಡಿಗೆ ಸುಮಾರು 63 ಮೀಟರ್, ಗಂಟೆಗೆ 225 ಕಿಲೋಮೀಟರ್ ಇರಬೇಕು. ಕಾಲು ಸೆಕೆಂಡಿನಲ್ಲಿ ನೆಲವನ್ನು ಒದ್ದು ಆ ವೇಗ ಪಡೆಯುತ್ತಾನೆಂದು ಇಟ್ಟುಕೊಂಡರೆ ಅವನ ಕಾಲುಗಳು ಭೂಮಿಯಲ್ಲಿ ಅವನ ತೂಕದ 25 ಪಟ್ಟಿನಷ್ಟು ಬಲ ಹಾಕಬೇಕಾಗುತ್ತದೆ. ಸ್ವಂತ ಗ್ರಹದಲ್ಲಿ ಆ ಕಾಲುಗಳು ತನ್ನ ಅಲ್ಲಿನ ತೂಕಕ್ಕಿಂತ ಶೇಕಡ 70ರಷ್ಟು ಹೆಚ್ಚು ಬಲವನ್ನಷ್ಟೇ ಹಾಕುವಂತೆ ರೂಪುಗೊಂಡಿದ್ದರೆ, ಅಲ್ಲಿನ ಗುರುತ್ವ ಭೂಮಿಯ 15 ಪಟ್ಟು ಆಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೇಮ್ಸ್ ಕಕಾಲಿಯೋಸ್ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಇದೇ ಸಂಖ್ಯೆಗೆ ತಲುಪಿದ್ದಾರೆ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಕಲ್ಲುಮಣ್ಣಿನ ಗ್ರಹವೊಂದಕ್ಕೆ ಅಷ್ಟು ಸೆಳೆತ ಬರಬೇಕಾದರೆ ಅದರ ಒಡಲಲ್ಲಿ ನ್ಯೂಟ್ರಾನ್ ನಕ್ಷತ್ರದ್ದರಷ್ಟು ದಟ್ಟ ವಸ್ತು ಇರಬೇಕು, ಅಂಥ ಗ್ರಹ ಬಹುಕಾಲ ಗಟ್ಟಿಯಾಗಿ ಉಳಿಯಲಾರದು. ಅವನು ಹುಟ್ಟಿದ ಗ್ರಹ ಕ್ರಿಪ್ಟಾನ್ ಏಕೆ ಸಿಡಿಯಿತು ಎಂಬುದಕ್ಕೂ ಇದರಲ್ಲೇ ಉತ್ತರ ಸಿಕ್ಕಂತಾಯಿತು.

ಹದಿನೈದು ಪಟ್ಟು ಬಲ ಎಂದರೆ ಎಷ್ಟು? ಗಟ್ಟಿ ಕಸರತ್ತಿನ ಮನುಷ್ಯ ನೆಲದಿಂದ 200 ಕಿಲೋ ಎತ್ತುತ್ತಾನೆಂದರೆ ಇವನು 3 ಟನ್ ಎತ್ತುತ್ತಾನೆ. ಮೊದಲ ಸಂಚಿಕೆಯ ಮುಖಪುಟದಲ್ಲಿ ಅವನು ತಲೆಯ ಮೇಲೆತ್ತಿರುವ ಕಾರಿಗೆ ಇಷ್ಟು ಸಾಕು. ಆದರೆ 400 ಟನ್ನಿನ ವಿಮಾನಕ್ಕೆ ಸಾಲದು, ಇನ್ನು ಪರ್ವತ, ಗ್ರಹಗಳ ಮಾತಂತೂ ದೂರವೇ ಉಳಿಯಿತು. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಮೂಳೆ ಮತ್ತು ಸ್ನಾಯು ತಮ್ಮ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಬೆಳೆಯುತ್ತವೆ. ಬಾಹ್ಯಾಕಾಶ ನಿಲ್ದಾಣದಲ್ಲಿ ತಕ್ಕ ವ್ಯಾಯಾಮ ಮಾಡದಿದ್ದರೆ ಯಾನಿಗಳ ಮೂಳೆಯ ಸಾಂದ್ರತೆ ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಕುಗ್ಗುತ್ತದೆ. ಹಾಲುಗೂಸಾಗಿದ್ದಾಗಲೇ ಭೂಮಿಗೆ ಬಂದು ಕ್ಯಾನ್ಸಸ್‌ನ ಹೊಲದಲ್ಲಿ ಬೆಳೆದವನ ದೇಹ ಹುಟ್ಟಿದೂರಿನ ಗುರುತ್ವವನ್ನು ಅನುಭವಿಸಿಯೇ ಇಲ್ಲ. ಹುಟ್ಟಿನಿಂದ ಬಂದ ಅಂಗರಚನೆ ಇದ್ದರೂ ಅದು ವರ್ಷದಿಂದ ವರ್ಷಕ್ಕೆ ಸಡಿಲಗೊಳ್ಳಬೇಕಿತ್ತು. ಕಥೆಯಲ್ಲಿ ಆಗುವುದು ತದ್ವಿರುದ್ಧ: ಬೆಳೆದಂತೆಲ್ಲ ಅವನು ಬಲಗೊಳ್ಳುತ್ತ ಹೋಗುತ್ತಾನೆ.

ನೆಗೆಯುವವನು ಹಾರತೊಡಗಿದ್ದು

ಗುರುತ್ವದ ವಾದವನ್ನು ಮುರಿದದ್ದು ಯಾವ ವಿಜ್ಞಾನಿಯೂ ಅಲ್ಲ, ಅನಿಮೇಷನ್ ಸ್ಟುಡಿಯೊ. 1941ರಿಂದ 1943ರವರೆಗೆ ಫ್ಲೈಷರ್ ಸ್ಟುಡಿಯೊ ಮತ್ತು ಅದರ ಉತ್ತರಾಧಿಕಾರಿ ಸಂಸ್ಥೆ ಸೂಪರ್‌ಮ್ಯಾನ್ ಕುರಿತು 17 ಕಿರುಚಿತ್ರಗಳನ್ನು ಮಾಡಿದವು. ನೆಗೆದು ನೆಲಕ್ಕಿಳಿದು ಮತ್ತೆ ನೆಗೆಯುವ ನಾಯಕ ಪರದೆಯ ಮೇಲೆ ನಗೆಪಾಟಲಾಗಿ ಕಂಡದ್ದರಿಂದ ಅವನನ್ನು ಹಾರಿಸಲು ಅನುಮತಿ ಪಡೆದರು. ಅದಕ್ಕೂ ಮೊದಲು, 1940ರಲ್ಲಿ ಆರಂಭವಾದ ರೇಡಿಯೊ ಧಾರಾವಾಹಿಯಲ್ಲಿ ನಾಯಕ ಗಾಳಿಯ ಸದ್ದಿನೊಂದಿಗೆ ಮೇಲೇರುತ್ತಿದ್ದ. ಕಣ್ಣಿಗೆ ಕಾಣದ ಮಾಧ್ಯಮದಲ್ಲಿ ನೆಗೆತಕ್ಕೂ ಹಾರಾಟಕ್ಕೂ ಕೇಳುಗ ಹೇಗೆ ತಾನೆ ವ್ಯತ್ಯಾಸ ಮಾಡಿಯಾನು? ಅವನ ಬಲ ಕುಂದಿಸುವ ಕಲ್ಲು ಕ್ರಿಪ್ಟೊನೈಟ್ ಕೂಡ 1943ರಲ್ಲಿ ಅದೇ ರೇಡಿಯೊದಲ್ಲಿ ಹುಟ್ಟಿ, 1949ರಲ್ಲಷ್ಟೇ ಕಾಮಿಕ್ಸ್‌ಗೆ ಬಂತು.

ನೆಗೆತಕ್ಕೆ ಗುರುತ್ವ ಸಾಕು, ಹಾರಾಟಕ್ಕೆ ಸಾಲದು. ಎಷ್ಟೇ ಬಲಶಾಲಿಯಾದರೂ ಗಾಳಿಯಲ್ಲಿ ಒದೆಯಲು ಏನೂ ಇಲ್ಲದವನು ದಿಕ್ಕು ಬದಲಿಸಲಾರ, ನಿಶ್ಚಲವಾಗಿ ನಿಲ್ಲಲಾರ. ಎಕ್ಸ್‌ರೇ ದೃಷ್ಟಿ, ಅದರಿಂದ ಕವಲೊಡೆದ ಶಾಖದ ದೃಷ್ಟಿ, ಹಿಮದ ಉಸಿರು ಎಂದು ಶಕ್ತಿಗಳ ಯಾದಿ ಬೆಳೆದಂತೆ ಗುರುತ್ವದ ಸಿದ್ಧಾಂತಕ್ಕೆ ಒಂದೊಂದೂ ಹೊರೆಯಾಯಿತು. 1950ರ ದಶಕ ಮುಗಿಯುವ ಹೊತ್ತಿಗೆ ಸಂಪಾದಕರ ಕೈಯಲ್ಲಿದ್ದ ನಾಯಕನಿಗೂ ಅವರ ಕೈಯಲ್ಲಿದ್ದ ವಿವರಣೆಗೂ ಸಂಬಂಧವೇ ಉಳಿದಿರಲಿಲ್ಲ.

ಹಳದಿ ಸೂರ್ಯನ ಪ್ರವೇಶ

1960ರಲ್ಲಿ ಕಥೆಗಳು ಹೊಸ ಕಾರಣವನ್ನು ಮುಂದಿಟ್ಟವು. ಕ್ರಿಪ್ಟಾನ್ ಸುತ್ತುತ್ತಿದ್ದುದು ಕೆಂಪು ಸೂರ್ಯನನ್ನು. ನಮ್ಮದು ಹಳದಿ ಸೂರ್ಯ. ಅದರ ಕಿರಣವೇ ಬಲದ ಮೂಲ. ಆರಂಭದಲ್ಲಿ ಗುರುತ್ವವನ್ನೂ ಜೊತೆಗಿಟ್ಟುಕೊಂಡಿದ್ದರು, ಬರಬರುತ್ತ ಅದು ಹಿಂದೆ ಸರಿಯಿತು. 1986ರಲ್ಲಿ ಜಾನ್ ಬರ್ನ್ ಪಾತ್ರವನ್ನು ಮೊದಲಿನಿಂದ ಪುನಾರಚಿಸಿದಾಗ ಸೂಪರ್‌ಮ್ಯಾನ್ ಪೂರ್ತಿಯಾಗಿ ಸೌರಶಕ್ತಿ ತುಂಬಿಕೊಂಡ ಬ್ಯಾಟರಿಯಾದ. ಗನ್ ಅವರ ಚಿತ್ರ ಬಳಸಿರುವುದು ಈ ಪರಂಪರೆಯನ್ನೇ.

ಇದು ನಿಲ್ಲುತ್ತದೆಯೇ? ವಾತಾವರಣದ ಹೊರಗೆ ಪ್ರತಿ ಚದರ ಮೀಟರಿಗೆ ಬೀಳುವ ಸೌರಶಕ್ತಿ 1,361 ವ್ಯಾಟ್, ನೆಲದ ಮೇಲೆ ನಡುಮಧ್ಯಾಹ್ನ ಸುಮಾರು 1,000 ವ್ಯಾಟ್. ಬಿಸಿಲಿಗೊಡ್ಡಿದ ಮನುಷ್ಯನ ಮೈ ಧಾರಾಳವಾಗಿ ಲೆಕ್ಕ ಹಾಕಿದರೂ ಒಂದು ಚದರ ಮೀಟರ್. ಅವನು ಕುತ್ತಿಗೆಯಿಂದ ಪಾದದವರೆಗೆ ಬಟ್ಟೆ ತೊಟ್ಟಿರುತ್ತಾನೆ ಎಂಬುದನ್ನು ಸದ್ಯಕ್ಕೆ ಮರೆಯೋಣ. ದಿನಕ್ಕೆ ಎಂಟು ಗಂಟೆಯ ಕಡುಬಿಸಿಲು ಒಂದಿಷ್ಟೂ ಪೋಲಾಗದೆ ಒಳಸೇರಿದರೆ ಸಿಗುವುದು 8 ಕಿಲೋವ್ಯಾಟ್ ಗಂಟೆ, ನಮ್ಮ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 8 ಯೂನಿಟ್. ಸಾಮಾನ್ಯರು ಮೂವರು ಒಂದು ದಿನ ಉಣ್ಣುವ ಆಹಾರದ ಶಕ್ತಿ ಅಷ್ಟೇ. 400 ಟನ್ನಿನ ವಿಮಾನವೊಂದನ್ನು ಒಂದು ಕಿಲೋಮೀಟರ್ ಮೇಲಕ್ಕೆತ್ತಲು ಬೇಕಾದದ್ದು ಸುಮಾರು 1,090 ಯೂನಿಟ್. ಅಂದರೆ ಒಂದು ವಿಮಾನವನ್ನು ಒಂದು ಸಲ ಎತ್ತಲು ಅವನು ನಾಲ್ಕೂವರೆ ತಿಂಗಳು ಬಿಸಿಲಿಗೆ ಮಲಗಬೇಕು. ಮೂವತ್ತು ವರ್ಷ ಕೂಡಿಟ್ಟ ಶಕ್ತಿ ಅದು ಎನ್ನುವವರಿದ್ದಾರೆ. ಮೂವತ್ತು ವರ್ಷದ ಅಷ್ಟೂ ಬಿಸಿಲನ್ನು ಒಟ್ಟುಮಾಡಿದರೂ ಇಂಥ ಎಂಬತ್ತು ಸಾಹಸಗಳಿಗೆ ಅದು ಖಾಲಿ.

ಈ ಲೆಕ್ಕದ ಬೆಳಕಿನಲ್ಲಿ, ಚಿತ್ರದಲ್ಲಿ ರೋಬಾಟ್‌ಗಳು ಬೆಳಕು ಹಾಯಿಸುವ ದೃಶ್ಯವೇ ಹೆಚ್ಚು ತರ್ಕಬದ್ಧವಾಗಿ ಕಾಣುತ್ತದೆ. ವಿಸ್ತಾರವಾದ ಜಾಗದ ಬೆಳಕನ್ನು ಮಸೂರ ಅಥವಾ ಕನ್ನಡಿಯಿಂದ ಒಂದೆಡೆ ತಂದರೆ ಶಕ್ತಿ ಆ ಪ್ರಮಾಣದಲ್ಲೇ ಹೆಚ್ಚುತ್ತದೆ. ನೂರು ಚದರ ಮೀಟರಿನ ಕನ್ನಡಿ ಎಂದರೆ ನೂರು ಪಟ್ಟು. ಸೂರ್ಯನೇ ಬಲದ ಮೂಲವಾದರೆ ಗಾಯಾಳುವಿಗೆ ಮಾಡಬೇಕಾದ ಚಿಕಿತ್ಸೆ ಅದೇ ತಾನೆ! ಲೆಕ್ಕಕ್ಕೆ ಸಿಗದೆ ಉಳಿಯುವುದು, ಅವನು ಪೇಟೆಯ ನೆರಳಿನಲ್ಲಿ ನಿಂತು ಬರಿಗೈಯಲ್ಲಿ ಕಟ್ಟಡ ತಡೆಯುವ ದೃಶ್ಯಗಳು.

ಬಣ್ಣದ ತಕರಾರು

ಶಕ್ತಿಯ ಪ್ರಮಾಣವನ್ನು ಬದಿಗಿಟ್ಟರೂ ಬಣ್ಣದ ಪ್ರಶ್ನೆ ಉಳಿಯುತ್ತದೆ. ಸೂರ್ಯ ಹಳದಿಯಾಗಿ ಕಾಣುವುದು ನಮ್ಮ ವಾತಾವರಣದ ದೆಸೆಯಿಂದ. ಹೊರಗಿನಿಂದ ನೋಡಿದರೆ ಅದು ಬಿಳಿ. ಅದರ ಮೇಲ್ಮೈ ತಾಪ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕೆಂಪು ಕುಬ್ಜ ನಕ್ಷತ್ರಗಳು ಅದರ ಅರ್ಧದಷ್ಟು ಬಿಸಿಯಾಗಿರುತ್ತವೆ, ಆದರೆ ಅವೂ ಹಳದಿ ಬೆಳಕನ್ನು ಸೂಸುತ್ತವೆ, ಕಡಿಮೆ ಪ್ರಮಾಣದಲ್ಲಿ ಅಷ್ಟೆ. ಹಳದಿ ಬೆಳಕಿನ ಒಂದು ಕಣ ಯಾವ ನಕ್ಷತ್ರದಿಂದ ಹೊರಟರೂ ಒಂದೇ. ಹಾಗಾದರೆ ಕೆಂಪು ಸೂರ್ಯನಡಿ ಅವನು ಕ್ರಮೇಣ ಸೊರಗಬೇಕೇ ಹೊರತು ಗುಂಡಿ ಒತ್ತಿದಂತೆ ಬಲ ಕಳೆದುಕೊಳ್ಳಬಾರದು.

ಇದಕ್ಕೆ ಅಭಿಮಾನಿಗಳ ಬಳಿ ಇರುವ ಪ್ರತ್ಯುತ್ತರ ನಿಜಕ್ಕೂ ಜಾಣತನದ್ದು. 1905ರಲ್ಲಿ ಐನ್‌ಸ್ಟೈನ್ ವಿವರಿಸಿದ ದ್ಯುತಿವಿದ್ಯುತ್ ಪರಿಣಾಮವನ್ನು ಅವರು ಮುಂದಿಡುತ್ತಾರೆ. ಕೆಲವು ಲೋಹಗಳಿಂದ ಎಲೆಕ್ಟ್ರಾನ್ ಹೊರಬರಬೇಕಾದರೆ ಬೆಳಕಿನ ಆವರ್ತನ ಒಂದು ಮಟ್ಟ ದಾಟಿರಲೇಬೇಕು. ಕೆಂಪು ಬೆಳಕನ್ನು ಎಷ್ಟು ಪ್ರಖರವಾಗಿ ಹಾಯಿಸಿದರೂ ಏನೂ ಆಗುವುದಿಲ್ಲ, ಅತಿನೇರಳೆಯ ಮಂದ ಕಿರಣ ಸಾಕು. ಕ್ರಿಪ್ಟಾನ್ ಜನರ ಜೀವಕೋಶಕ್ಕೂ ಇಂಥದೊಂದು ಮಿತಿ ಇದ್ದರೆ ‘ಇಲ್ಲವೇ ಇಲ್ಲ, ಅಥವಾ ಪೂರ್ತಿ’ ಎಂಬ ವರ್ತನೆ ಅರ್ಥವಾಗುತ್ತದೆ. ಸೌರಪಕ್ಷದ ಅತ್ಯಂತ ಬಲವಾದ ವಾದ ಇದು. ಆದರೆ ಇದನ್ನು ಒಪ್ಪಿದರೆ ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಲೋಷನ್ನೇ ಖಳನಾಯಕನಿಗೆ ಸಾಕಾದೀತು, ಕ್ರಿಪ್ಟೊನೈಟ್ ಹುಡುಕಿಕೊಂಡು ಅಲೆಯುವ ಅಗತ್ಯವಿಲ್ಲ.

ನಕ್ಷತ್ರದ ವಿಷಯದಲ್ಲಿ ಪ್ರಕಾಶಕರು ತೀರಾ ಅಸಡ್ಡೆಯಿಂದ ಇಲ್ಲ ಎಂಬುದಕ್ಕೆ ಒಂದು ನಿದರ್ಶನ. 2012ರಲ್ಲಿ ಖಗೋಳವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಅವರನ್ನು ಕೇಳಿ ಕ್ರಿಪ್ಟಾನಿನ ಸೂರ್ಯನಾಗಿ ನಿಜವಾದ ನಕ್ಷತ್ರವೊಂದನ್ನು ಆರಿಸಿಕೊಂಡರು. ಅದು ಎಲ್‌ಎಚ್‌ಎಸ್ 2520 ಎಂಬ ಕೆಂಪು ಕುಬ್ಜ. ಅದಿರುವ ಕಾರ್ವಸ್ ನಕ್ಷತ್ರಪುಂಜದ ಮುಖ್ಯ ತಾರೆಗಳೇ ನಮ್ಮ ಪಂಚಾಂಗದ ಹಸ್ತಾ ನಕ್ಷತ್ರ.

ಮೂರನೆಯ ಪಕ್ಷ

ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ಒಂದು ಪ್ರಶ್ನೆ. ಅದು ವಸ್ತುವಿಗೆ ಹೇಗೆ ತಲುಪುತ್ತದೆ ಎಂಬುದು ಬೇರೆ ಪ್ರಶ್ನೆ, ವಾದಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಅದೇ 400 ಟನ್ನಿನ ವಿಮಾನವನ್ನು ಎರಡು ಅಂಗೈಗಳ ಮೇಲೆ ಹೊತ್ತರೆ, ಸುಮಾರು 300 ಚದರ ಸೆಂಟಿಮೀಟರ್ ಜಾಗದ ಮೇಲೆ ವಾತಾವರಣದ ಒತ್ತಡದ 1,300 ಪಟ್ಟು ಒತ್ತಡ ಬೀಳುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹೊದಿಕೆ ಅದನ್ನು ತಾಳಲಾರದು. ವಿಮಾನ ಮೇಲೇಳುವ ಬದಲು ಅವನ ಕೈಗಳು ಅದರೊಳಗೆ ತೂರಿಹೋಗುತ್ತವೆ. ಅವನ ಬಲ ಎಷ್ಟಿದ್ದರೂ ಇದಕ್ಕೆ ಪರಿಹಾರವಿಲ್ಲ, ಏಕೆಂದರೆ ಇಲ್ಲಿ ಸೋಲುತ್ತಿರುವುದು ವಿಮಾನ.

ಬರ್ನ್ 1986ರಲ್ಲಿ ತಂದ ಇನ್ನೊಂದು ಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಅವನ ಚರ್ಮಕ್ಕೆ ಅಂಟಿದಂತೆ ಒಂದು ಅಗೋಚರ ಕ್ಷೇತ್ರವಿದೆ. ಮೈಗಂಟಿದ ಉಡುಪು ಹರಿಯದೆ, ಬೆನ್ನಿಗೆ ಹಾರುವ ಕೆಂಪು ವಸ್ತ್ರ ಮಾತ್ರ ಹರಿಯುವುದು ಅದಕ್ಕೇ. 1993ರಲ್ಲಿ ಬಂದ ಹೊಸ ಸೂಪರ್‌ಬಾಯ್ ಪಾತ್ರಕ್ಕೆ ಈ ಕಲ್ಪನೆಯನ್ನು ಇನ್ನಷ್ಟು ವಿಸ್ತರಿಸಿ, ಮುಟ್ಟಿದ ವಸ್ತುವನ್ನೇ ಪೂರ್ತಿಯಾಗಿ ಮನೋಬಲದಿಂದ ಆವರಿಸುವ ಶಕ್ತಿ ಕೊಟ್ಟರು. ಇದನ್ನು ಸೂಪರ್‌ಮ್ಯಾನ್‌ಗೂ ಅನ್ವಯಿಸಿದರೆ ವಿಮಾನ ತುಂಡಾಗದಿರುವುದು, ಅವನು ಗಾಳಿಯಲ್ಲಿ ನಿಲ್ಲುವುದು, ಗುಂಡು ತಾಗದಿರುವುದು ಎಲ್ಲಕ್ಕೂ ಒಂದೇ ಕಾರಣ ಸಿಗುತ್ತದೆ. ಮೂರು ಪಕ್ಷಗಳಲ್ಲಿ ಹೆಚ್ಚು ಸಂಗತಿಗಳನ್ನು ಒಂದೇ ಏಟಿಗೆ ವಿವರಿಸುವುದು ಇದೇ. ಆದರೂ ಓದುಗರಿಗೆ ಇದು ರುಚಿಸಲಿಲ್ಲ. ಕೈಬಲದಿಂದ ಎತ್ತುವವನನ್ನು ಮನಸ್ಸಿನಿಂದ ಎತ್ತುವವನನ್ನಾಗಿ ಮಾಡಿದರೆ ಮುಖಪುಟದ ಆ ಕಾರಿನ ಚಿತ್ರಕ್ಕೆ ಅರ್ಥವೇ ಉಳಿಯುವುದಿಲ್ಲ.

ವಿವರಣೆ ಬೇಕಾದದ್ದು ಸೋಲಿಗೆ

ಹಾಗಿದ್ದರೆ ಲೆಕ್ಕಕ್ಕೆ ನಿಲ್ಲದ ಸೂರ್ಯ, ಅಲ್ಪಸ್ವಲ್ಪವಾದರೂ ನಿಲ್ಲುವ ಗುರುತ್ವವನ್ನು ಹೇಗೆ ಸೋಲಿಸಿತು? ಕಾರಣ ಕಥೆಯ ಅಗತ್ಯದಲ್ಲಿದೆ. ಗುರುತ್ವದಿಂದ ಬಂದ ಬಲವನ್ನು ಕಿತ್ತುಕೊಳ್ಳಲು ದಾರಿಯಿಲ್ಲ. ಭೂಮಿಯ ಮೇಲಿರುವವರೆಗೂ ಅವನು ಬಲಶಾಲಿಯೇ. ಏನು ಮಾಡಿದರೂ ಸೋಲದ ನಾಯಕನ ಕಥೆ ತಿಂಗಳು ತಿಂಗಳೂ ಬರೆಯುವವನಿಗೆ ಶಿಕ್ಷೆ. ಸೂರ್ಯನ ವಿವರಣೆ ಬಂದೊಡನೆ ಬಲಕ್ಕೆ ಒಂದು ಸ್ವಿಚ್ ಸಿಕ್ಕಿತು. ಕೆಂಪು ಸೂರ್ಯನ ಲೋಕಕ್ಕೆ ಕಳಿಸಿದರೆ ಅವನು ಸಾಮಾನ್ಯ, ಕತ್ತಲ ಕೋಣೆಗೆ ತಳ್ಳಿದರೆ ನಿತ್ರಾಣ. 2015ರ ಕಾಮಿಕ್ಸ್‌ನಲ್ಲಿ ಅವನು ಒಳಗಿನ ಅಷ್ಟೂ ಸೌರಶಕ್ತಿಯನ್ನು ಒಂದೇ ಸಲ ಹೊರಚೆಲ್ಲುವ ಹೊಸ ಶಕ್ತಿ ಪಡೆದಾಗ, ಅದರ ಬೆಲೆಯಾಗಿ ಸುಮಾರು ಒಂದು ದಿನ ಬರೀ ಮನುಷ್ಯನಾಗಿ ಉಳಿಯಬೇಕೆಂಬ ನಿಯಮವೂ ಜೊತೆಗೇ ಬಂತು. ಹಿರಣ್ಯಕಶಿಪುವಿನ ವರದಲ್ಲೇ ಹೊಸ್ತಿಲೂ ಮುಸ್ಸಂಜೆಯೂ ಅಡಗಿದ್ದಂತೆ, ಇಲ್ಲಿ ಬಲದ ಕಾರಣವನ್ನು ಹೇಳುವ ವಾಕ್ಯವೇ ಅದನ್ನು ಕಳೆಯುವ ಉಪಾಯವನ್ನೂ ಹೇಳುತ್ತದೆ.

ಹೀಗೆ ನೋಡಿದರೆ ಗನ್ ಅವರ ಚಿತ್ರದ ಬಗೆಗಿನ ಗೊಂದಲ ತಿಳಿಯಾಗುತ್ತದೆ. ಅಲ್ಲಿನ ಎರಡೂ ದೃಶ್ಯಗಳು ಸೌರಶಕ್ತಿಯ ಪಾಠ ಹೇಳುತ್ತಿಲ್ಲ, ಮೊದಲ ನಿಮಿಷದಲ್ಲೇ ನಾಯಕನನ್ನು ಸೋಲಿಸಲು ಮತ್ತು ಎರಡು ಗಂಟೆಯೊಳಗೆ ಮೇಲೆಬ್ಬಿಸಲು ಬೇಕಾದ ನಿಯಮವನ್ನು ಪ್ರೇಕ್ಷಕನ ಮುಂದಿಡುತ್ತಿವೆ. ಅಂಗೈಯಗಲದ ಸೂರ್ಯ ನಿಜವಾದ ಸೂರ್ಯನಷ್ಟೇ ಕೆಲಸ ಮಾಡಿದ್ದು ಭೌತವಿಜ್ಞಾನಕ್ಕೆ ಒಗ್ಗದಿದ್ದರೂ ಕಥೆಯ ನಿಯಮಕ್ಕೆ ಒಗ್ಗುತ್ತದೆ. ಆದರೆ ನಿಯಮ ಒಮ್ಮೆ ತೆರೆಯ ಮೇಲೆ ಬಂದರೆ ಅದನ್ನು ನಡೆಸಿಕೊಂಡು ಹೋಗಬೇಕಾಗುತ್ತದೆ. ಬೆಳಕಿನಿಂದ ಇಷ್ಟು ಬೇಗ ಗುಣವಾಗುವವನು ಮುಂದಿನ ಚಿತ್ರದಲ್ಲಿ ಹಾಡಹಗಲೇ ಗಾಯಗೊಂಡು ನರಳಿದರೆ, ‘ಸ್ವಲ್ಪ ಮೋಡದ ಮೇಲೆ ಹೋಗಿ ಬರಬಾರದೇ’ ಎಂದು ಪ್ರೇಕ್ಷಕ ಕೇಳಿಯೇ ಕೇಳುತ್ತಾನೆ.

ನ್ಯಾಯಾಲಯಗಳು ನೋಡಿದ್ದೇನು

ಈ ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಬಹಳ ಹಿಂದೆಯೇ. 1939ರಲ್ಲಿ ಎದುರಾಳಿ ಪ್ರಕಾಶಕರೊಬ್ಬರು ‘ವಂಡರ್ ಮ್ಯಾನ್’ ಎಂಬ ಪಾತ್ರವನ್ನು ತಂದರು. ಅವನಿಗೆ ಬಲ ಬಂದದ್ದು ಟಿಬೆಟ್ಟಿನ ಯೋಗಿ ಕೊಟ್ಟ ಉಂಗುರದಿಂದ. ಬೇರೆ ಗ್ರಹ, ವಿಕಾಸ, ಗುರುತ್ವ ಯಾವುದೂ ಇಲ್ಲ. ಆದರೂ 1940ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ನಕಲು ಎಂದಿತು. ನ್ಯಾಯಾಧೀಶ ಆಗಸ್ಟಸ್ ಹ್ಯಾಂಡ್ ನೋಡಿದ್ದು ಎರಡೂ ಪಾತ್ರಗಳು ಪುಟದ ಮೇಲೆ ಏನು ಮಾಡುತ್ತವೆ ಎಂಬುದನ್ನು. ಇಬ್ಬರೂ ಬಂದೂಕನ್ನು ಕೈಯಲ್ಲೇ ಹಿಸುಕುತ್ತಾರೆ, ಉಕ್ಕಿನ ಬಾಗಿಲು ಕೀಳುತ್ತಾರೆ, ಗುಂಡುಗಳು ಮೈಗೆ ತಾಗಿ ಸಿಡಿಯುತ್ತವೆ, ಕಟ್ಟಡದಿಂದ ಕಟ್ಟಡಕ್ಕೆ ನೆಗೆಯುತ್ತಾರೆ. ಅದೇ ತೀರ್ಪು ಇನ್ನೊಂದು ಗೆರೆಯನ್ನೂ ಎಳೆಯಿತು: ಪರೋಪಕಾರಿಯಾದ ಹರ್ಕ್ಯುಲಸ್ ಎಂಬ ಸಾಮಾನ್ಯ ಕಲ್ಪನೆಯ ಮೇಲೆ ಯಾರಿಗೂ ಹಕ್ಕಿಲ್ಲ, ಅದನ್ನು ಕಟ್ಟಿಕೊಟ್ಟ ನಿರ್ದಿಷ್ಟ ರೀತಿಗೆ ಮಾತ್ರ ರಕ್ಷಣೆ.

ದೇವತೆಗಳ ಬಲ ಪಡೆದು, ಮಂತ್ರದಂಥ ಒಂದೇ ಪದ ಉಚ್ಚರಿಸಿ ರೂಪ ಬದಲಿಸುವ ಕ್ಯಾಪ್ಟನ್ ಮಾರ್ವೆಲ್ ಮೇಲಿನ ಮೊಕದ್ದಮೆಯಲ್ಲೂ ‘ನಮ್ಮವನ ಶಕ್ತಿಯ ಮೂಲವೇ ಬೇರೆ’ ಎಂಬುದು ರಕ್ಷಣೆಯಾಗಿ ಒದಗಲಿಲ್ಲ. 1951ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಯಾವ ಕಂತು ಯಾವ ಕಂತಿನ ನಕಲು ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕೆಂದು ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿದರು. 1953ರಲ್ಲಿ ಪ್ರಕಾಶಕರಾದ ಫಾಸೆಟ್ ಸಂಸ್ಥೆ ರಾಜಿ ಮಾಡಿಕೊಂಡು ಪಾತ್ರವನ್ನು ನಿಲ್ಲಿಸಿತು.

2034ರಿಂದ 2056ರವರೆಗೆ

ಅಮೆರಿಕದ ಕಾನೂನಿನಲ್ಲಿ ಆ ಕಾಲದ ಪ್ರಕಟಿತ ಕೃತಿಗಳಿಗೆ, ಹಕ್ಕು ನವೀಕರಣವಾಗಿದ್ದರೆ, 95 ವರ್ಷದ ರಕ್ಷಣೆ ಇದೆ. 1938ರ ಸಂಚಿಕೆ 2034ರ ಜನವರಿ 1ಕ್ಕೆ ಬಿಡುಗಡೆಯಾಗುತ್ತದೆ. ಆದರೆ ಬಿಡುಗಡೆಯಾಗುವುದು ಆ ಸಂಚಿಕೆಯಲ್ಲಿರುವ ಸೂಪರ್‌ಮ್ಯಾನ್ ಮಾತ್ರ: 200 ಮೀಟರ್ ನೆಗೆಯುವವನು, ಇರುವೆ ಮಿಡತೆಯ ಉಪಮೆಯವನು. ಗುರುತ್ವದ ವಿವರಣೆ 1939ರದ್ದು, ಅದು 2035ಕ್ಕೆ ಬರುತ್ತದೆ. ಕಾಮಿಕ್ಸ್‌ನ ಕ್ರಿಪ್ಟೊನೈಟ್ 2045ಕ್ಕೆ, ಹಳದಿ ಸೂರ್ಯ 2056ಕ್ಕೆ. ಷರ್ಲಾಕ್ ಹೋಮ್ಸ್ ಕುರಿತ 2014ರ ತೀರ್ಪಿನಲ್ಲಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಇದೇ ಪದರು ಪದರಾದ ಲೆಕ್ಕವನ್ನು ಎತ್ತಿಹಿಡಿದರು. ಹಳೆಯ ಕಥೆಗಳ ಪಾತ್ರ ಎಲ್ಲರದು, ಇನ್ನೂ ಹಕ್ಕು ಉಳಿದಿರುವ ಕಥೆಗಳಲ್ಲಿ ಹೊಸದಾಗಿ ಸೇರಿದ ಸ್ವಂತಿಕೆಯ ಅಂಶಗಳು ಮಾತ್ರ ಮಾಲೀಕರದು. 2025ರಲ್ಲಿ ಪಾಪಾಯ್ ಎಂಬ ಕಾಮಿಕ್ಸ್ ನಾಯಕ ಮುಕ್ತನಾದಾಗಲೂ ಇದೇ ತೊಡಕು ಕಂಡಿತು. 1929ರ ಪಾಪಾಯ್‌ಗೆ ಗುಂಡೇಟಿನಿಂದ ಬದುಕುಳಿಯುವ ಶಕ್ತಿ ಬಂದದ್ದು ಅದೃಷ್ಟದ ಕೋಳಿಯೊಂದರ ತಲೆ ಸವರಿದ್ದರಿಂದ, ಪಾಲಕ್ ಸೊಪ್ಪು ಆಮೇಲಿನ ಸೇರ್ಪಡೆ.

ನಿಜವಾದ ಕಗ್ಗಂಟು ಹಾರಾಟದ್ದು. ಮೇಲೆ ಹೇಳಿದ 17 ಕಿರುಚಿತ್ರಗಳ ಹಕ್ಕನ್ನು ಸಕಾಲದಲ್ಲಿ ನವೀಕರಿಸದ ಕಾರಣ ಅವು ಆಗಲೇ ಸಾರ್ವಜನಿಕ ಸ್ವತ್ತಾಗಿವೆ. ಇಂದು ಯಾರೂ ಅದರ ಬಲದಿಂದ ಹೊಸ ಸೂಪರ್‌ಮ್ಯಾನ್ ಕಥೆ ಮಾಡಲಾರರು, ಏಕೆಂದರೆ ಅದರಡಿಯ ಪಾತ್ರ ಇನ್ನೂ ರಕ್ಷಿತ. 2034ರಲ್ಲಿ ಪಾತ್ರ ಬಿಡುಗಡೆಯಾದ ಕ್ಷಣ ಆ ತಡೆ ಹೋಗುತ್ತದೆ. ಹಾರುವ ಸೂಪರ್‌ಮ್ಯಾನ್ ಬೇಕೆನ್ನುವವರು ಕಾಮಿಕ್ಸ್‌ಗಾಗಿ ಕಾಯದೆ ಈ ಚಿತ್ರಗಳನ್ನು ಆಧಾರವಾಗಿ ತೋರಿಸಲು ಬಲವಾದ ಅವಕಾಶವಿದೆ. ಮಾಲೀಕ ಸಂಸ್ಥೆ ಅದನ್ನು ಸುಮ್ಮನೆ ಒಪ್ಪುವ ಸಂಭವ ಕಡಿಮೆ. ಎದೆಯ ಮೇಲಿನ ಲಾಂಛನದಂಥವುಗಳಿಗೆ ಟ್ರೇಡ್‌ಮಾರ್ಕ್ ರಕ್ಷಣೆ ಬೇರೆ ಇದೆ, ಬಳಕೆಯಲ್ಲಿರುವವರೆಗೂ ಅದಕ್ಕೆ ಕೊನೆಯ ದಿನಾಂಕವಿಲ್ಲ.

ಸೂರ್ಯನ ವಿಷಯದಲ್ಲಿ ಗೆರೆ ಇನ್ನೂ ಸೂಕ್ಷ್ಮ. ಬಿಸಿಲಿನಿಂದ ಬಲ ಪಡೆಯುವ ವೀರ ಎಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ. ಕೆಂಪು ಸೂರ್ಯನ ಕ್ರಿಪ್ಟಾನಿನಿಂದ ಬಂದು ಹಳದಿ ಸೂರ್ಯನಡಿ ಬಲಗೊಂಡ ಕ್ಲಾರ್ಕ್ ಕೆಂಟ್ (ಸೂಪರ್‌ಮ್ಯಾನ್‌ಗೆ ಭೂಮಿಯಲ್ಲಿರುವ ಹೆಸರು) ಎಂಬ ಜೋಡಣೆ ಮಾತ್ರ 2056ರವರೆಗೆ ಅಪಾಯದ ವಲಯ. ಹಾಗಾಗಿ ಮಧ್ಯದ ಎರಡು ದಶಕಗಳಲ್ಲಿ ಹೊಸ ಕರ್ತೃಗಳು ಹಾರುವ, ಭಾರ ಎತ್ತುವ ನಾಯಕನನ್ನು ಇಟ್ಟುಕೊಂಡು ಅವನ ಬಲಕ್ಕೆ ತಮ್ಮದೇ ಹೊಸ ಕಾರಣ ಕಟ್ಟುವುದು ಬಹುತೇಕ ಖಚಿತ. ಆಗ ಮೂರು ಪಕ್ಷಗಳ ಜಾಗದಲ್ಲಿ ಹತ್ತಾರು ಪಕ್ಷಗಳಾಗುತ್ತವೆ. ಯಾವ ಶಕ್ತಿ ಯಾವ ತಿಂಗಳ ಯಾವ ಸಂಚಿಕೆಯಲ್ಲಿ, ಎಷ್ಟನೆಯ ಪುಟದಲ್ಲಿ ಮೊದಲು ಕಾಣಿಸಿತು ಎಂದು ಅಭಿಮಾನಿಗಳು ವಾದ ಗೆಲ್ಲಲೆಂದು ಬರೆದಿಟ್ಟುಕೊಂಡ ಪಟ್ಟಿಗಳನ್ನು ಆ ದಿನಗಳಲ್ಲಿ ಮೊದಲು ತರಿಸಿ ಓದುವವರು ಎರಡೂ ಕಡೆಯ ವಕೀಲರು.